ಪಂಪ್‌ಸೆಟ್ಟಿನ ಲೆಕ್ಕ ಮತ್ತು ಫ್ಲ್ಯಾಶ್ ಚಿಪ್ಪಿನ ಸವೆತ

ಬೋರ್‌ವೆಲ್ ಪಂಪ್‌ಸೆಟ್ಟಿನ ಸ್ಟಾರ್ಟರ್ ಪಕ್ಕದಲ್ಲಿ ಕೂರಿಸುವ ಒಂದು ಸಣ್ಣ ಉಪಕರಣಕ್ಕೆ ನಾನು ಕೆಲವು ವರ್ಷಗಳ ಹಿಂದೆ ಫರ್ಮ್‌ವೇರ್, ಅಂದರೆ ಅದರೊಳಗೇ ಕೂತು ಅದನ್ನು ನಡೆಸುವ ತಂತ್ರಾಂಶ, ಬರೆದೆ. ಮೂರೂ ಫೇಸಿನ ವೋಲ್ಟೇಜ್ ಎಷ್ಟಿದೆ, ಮೋಟರ್ ಎಷ್ಟು ಕರೆಂಟ್ ಎಳೆಯುತ್ತಿದೆ, ಇದುವರೆಗೆ ಒಟ್ಟು ಎಷ್ಟು ನಿಮಿಷ ಓಡಿದೆ ಎಂಬುದನ್ನು ಅದು ನಿಮಿಷಕ್ಕೊಮ್ಮೆ ಕರೆಂಟ್ ಹೋದರೂ ಬರೆದದ್ದನ್ನು ಉಳಿಸಿಕೊಳ್ಳುವ ತನ್ನ ಫ್ಲ್ಯಾಶ್ ಮೆಮೊರಿ ಚಿಪ್ಪಿನಲ್ಲಿ ಬರೆದಿಟ್ಟುಕೊಳ್ಳಬೇಕಿತ್ತು. ಮೊದಲ ಕಂತಿನ ಉಪಕರಣಗಳನ್ನು ತುಮಕೂರು ಜಿಲ್ಲೆಯ ತೋಟಗಳಲ್ಲಿ ಕೂರಿಸಿ ಬಂದೆವು. ನಾಲ್ಕನೆಯ ತಿಂಗಳು ನಡೆಯುತ್ತಿದ್ದಾಗ ಶಿರಾ ಕಡೆಯ ರೈತರೊಬ್ಬರು ಫೋನ್ ಮಾಡಿ, "ಸಾರ್, ಕರೆಂಟ್ ಹೋಗಿ ಬಂದ್ರೆ ನಿಮ್ಮ ಡಬ್ಬದ ಲೆಕ್ಕ ಹಿಂದಕ್ಕೆ ಹೋಗುತ್ತೆ" ಎಂದರು. ಅದೇ ವಾರದಲ್ಲಿ ಇನ್ನೂ ಮೂರು ತೋಟಗಳಿಂದ ಅದೇ ಮಾತು ಬಂತು.

ಒಂದು ಉಪಕರಣವನ್ನು ಬಿಚ್ಚಿ ತಂದು ಮೇಜಿನ ಮೇಲಿಟ್ಟು, ಚಿಪ್ಪಿನಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು ನೋಡಿದೆ. 16 ಮೆಗಾಬೈಟಿನ ಆ ಚಿಪ್ಪಿನಲ್ಲಿ ತಲಾ 4 ಕಿಲೋಬೈಟಿನ 4096 ಸೆಕ್ಟರುಗಳಿದ್ದವು, ಸೆಕ್ಟರ್ ಎಂದರೆ ಒಟ್ಟಿಗೇ ಅಳಿಸಬೇಕಾದ ಭಾಗ. ಅವುಗಳಲ್ಲಿ ನಾನು ಲೆಕ್ಕ ಬರೆಯುತ್ತಿದ್ದ ಸೆಕ್ಟರ್ ಒಂದನ್ನು ಬಿಟ್ಟು ಉಳಿದವೆಲ್ಲ ಆರೋಗ್ಯವಾಗಿದ್ದವು. ಅಳಿಸಿದ ಮೇಲೆ ಸೆಕ್ಟರಿನ ಪ್ರತಿಯೊಂದು ಬೈಟಿನ ಎಂಟೂ ಬಿಟ್ಟುಗಳು 1 ಎಂದೇ ಓದಬೇಕು. ಈ ಸೆಕ್ಟರನ್ನು ಅಳಿಸಿದರೆ ಮಾತ್ರ ಅಲ್ಲಲ್ಲಿ 11111011, 11011111 ಎಂಬಂತೆ ಒಂದೊಂದು ಸೊನ್ನೆ ಉಳಿದುಕೊಳ್ಳುತ್ತಿತ್ತು. ಮತ್ತೊಮ್ಮೆ ಅಳಿಸಿದರೆ ಆ ಸೊನ್ನೆಗಳು ಬೇರೆ ಜಾಗದಲ್ಲಿ ಕಾಣಿಸುತ್ತಿದ್ದವು. ಅಳಿಸಲು ಹಿಡಿಯುವ ಹೊತ್ತನ್ನು ಅಳೆದೆ. ಪಕ್ಕದ ಸೆಕ್ಟರ್ 50 ಮಿಲಿಸೆಕೆಂಡಿನೊಳಗೆ ಅಳಿಯುತ್ತಿತ್ತು, ಇದಕ್ಕೆ 300 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕಾಗುತ್ತಿತ್ತು. ಬರೆದ ಲೆಕ್ಕ ಪರಿಶೀಲನೆಯಲ್ಲಿ ತಪ್ಪಿದ್ದರಿಂದ ಫರ್ಮ್‌ವೇರ್ ದಿನಕ್ಕೊಮ್ಮೆ ಬೇರೆಡೆ ತೆಗೆದಿಡುತ್ತಿದ್ದ ಹಳೆಯ ನಕಲನ್ನು ಎತ್ತಿಕೊಳ್ಳುತ್ತಿತ್ತು. ರೈತರು ಹೇಳಿದ 'ಹಿಂದಕ್ಕೆ ಹೋಗುವುದು' ಅದೇ. ಚಿಪ್ಪಿನಲ್ಲಿ ಯಾವ ದೋಷವೂ ಇರಲಿಲ್ಲ. ಒಂದೇ ಸೆಕ್ಟರನ್ನು ನಾನೇ ಬರೆದು ಬರೆದು ಸವೆಸಿದ್ದೆ.

ಇದು ಏಕೆ ಹೀಗಾಗುತ್ತದೆ ಎಂಬುದನ್ನು ತಿಳಿಯಲು ಫ್ಲ್ಯಾಶ್ ಎಂಬ ಹೆಸರು ಬಂದ ಬಗೆಯಿಂದಲೇ ಆರಂಭಿಸಬಹುದು. ಜಪಾನಿನ ತೊಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೋಕಾ ಅವರು ಈ ಬಗೆಯ ಮೆಮೊರಿಯನ್ನು 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನವೊಂದರಲ್ಲಿ ಮಂಡಿಸಿದರು; ಒಂದು ದೊಡ್ಡ ಭಾಗವೆಲ್ಲ ಒಮ್ಮೆಗೇ ಅಳಿದುಹೋಗುವುದು ಕ್ಯಾಮೆರಾದ ಫ್ಲ್ಯಾಶ್ ಬೆಳಕನ್ನು ನೆನಪಿಸುತ್ತದೆ ಎಂದು ಅವರ ಸಹೋದ್ಯೋಗಿ ಷೋಜಿ ಅರಿಯಿಜುಮಿ ಈ ಹೆಸರನ್ನು ಸೂಚಿಸಿದ್ದರು. ಅದಕ್ಕೂ ಮೊದಲಿನ ಮೆಮೊರಿಗಳಲ್ಲಿ ಒಂದೊಂದೇ ಬೈಟನ್ನು ಅಳಿಸುವ ಅನುಕೂಲವಿತ್ತು, ಆದರೆ ಅದಕ್ಕಾಗಿ ಹೆಚ್ಚುವರಿ ಟ್ರಾನ್ಸಿಸ್ಟರುಗಳು ಬೇಕಾಗಿ ಚಿಪ್ಪಿನ ಜಾಗವೆಲ್ಲ ಅದಕ್ಕೇ ಹೋಗುತ್ತಿತ್ತು. ಸಾವಿರಾರು ಬೈಟುಗಳನ್ನು ಒಟ್ಟಿಗೆ ಅಳಿಸುವುದಕ್ಕೆ ಒಪ್ಪಿಕೊಂಡರೆ ಆ ಜಾಗವೆಲ್ಲ ಉಳಿಯುತ್ತದೆ. ಇಂದು ನಮ್ಮ ಜೇಬಿನಲ್ಲಿರುವ ಅಗ್ಗದ ಮೆಮೊರಿ ಆ ಒಪ್ಪಂದದ ಫಲ, ಮತ್ತು ಆ ಒಪ್ಪಂದದ ಷರತ್ತುಗಳನ್ನು ಪಾಲಿಸಬೇಕಾದವರು ತಂತ್ರಾಂಶ ಬರೆಯುವ ನಾವು.

ಷರತ್ತು ಸರಳವಾಗಿದೆ. ಅಳಿಸಿದಾಗ ಎಲ್ಲ ಬಿಟ್ಟುಗಳೂ 1 ಆಗುತ್ತವೆ. ಬರೆಯುವುದೆಂದರೆ ಬೇಕಾದ ಬಿಟ್ಟುಗಳನ್ನು 0 ಮಾಡುವುದು. 0 ಆದ ಬಿಟ್ಟನ್ನು ಮತ್ತೆ 1 ಮಾಡಬೇಕಾದರೆ ಸೆಕ್ಟರನ್ನು ಪೂರ್ತಿಯಾಗಿ ಅಳಿಸದೆ ಬೇರೆ ದಾರಿಯಿಲ್ಲ. ರಂಗೋಲಿಯಲ್ಲಿ ಒಂದೊಂದೇ ಎಳೆ ಸೇರಿಸುತ್ತ ಹೋಗಬಹುದು, ಹೊಸದಾಗಿ ಹಾಕಬೇಕೆಂದರೆ ಅಂಗಳವನ್ನೆಲ್ಲ ತೊಳೆಯಬೇಕು, ಇದೂ ಹಾಗೆಯೇ. ಬಿಟ್ಟಿನ ಬೆಲೆಯನ್ನು ಹಿಡಿದಿಡುವುದು ನಿರೋಧಕ ಆಕ್ಸೈಡ್ ಪದರದ ಆಚೆ ಕೂಡಿಟ್ಟ ಎಲೆಕ್ಟ್ರಾನುಗಳು. ಬರೆಯುವಾಗ ಅವುಗಳನ್ನು ಆ ತೆಳು ಪದರದ ಮೂಲಕ ಒಳಗೆ ತಳ್ಳಬೇಕು, ಅಳಿಸುವಾಗ ಹೊರಗೆ ಎಳೆಯಬೇಕು. ಎರಡಕ್ಕೂ ಹೆಚ್ಚಿನ ವೋಲ್ಟೇಜ್ ಬೇಕು, ಪ್ರತಿ ಸಲವೂ ಕೆಲವು ಎಲೆಕ್ಟ್ರಾನುಗಳು ಪದರದಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತವೆ. ಹಾಗೆ ಸಿಕ್ಕಿಕೊಂಡವು ಹೆಚ್ಚಿದಂತೆಲ್ಲ ಅಳಿಸುವುದಕ್ಕೆ ಹೊತ್ತು ಹಿಡಿಯುತ್ತದೆ, ಕೊನೆಗೆ ಅಳಿಸಿದರೂ ಅಳಿಯದ ಬಿಟ್ಟುಗಳು ಉಳಿಯುತ್ತವೆ. ನನ್ನ ಮೇಜಿನ ಮೇಲೆ ಕಂಡ 300 ಮಿಲಿಸೆಕೆಂಡಿಗೂ ಆ ಒಂಟಿ ಸೊನ್ನೆಗಳಿಗೂ ಕಾರಣ ಇದೇ.

ನನ್ನದು ನಾರ್ ಎಂಬ ಬಗೆಯ ಫ್ಲ್ಯಾಶ್. ಇಂಥ ಚಿಪ್ಪುಗಳ ಡೇಟಾಶೀಟಿನಲ್ಲಿ, ಅಂದರೆ ತಯಾರಕರು ಕೊಡುವ ವಿವರಪತ್ರದಲ್ಲಿ, ಸಾಮಾನ್ಯವಾಗಿ ಪ್ರತಿ ಸೆಕ್ಟರಿಗೆ 1,00,000 ಸಲ ಅಳಿಸುವ ಭರವಸೆ ಕೊಟ್ಟಿರುತ್ತಾರೆ. ಒಂದು ಲಕ್ಷವೆಂದರೆ ಕಿವಿಗೆ ದೊಡ್ಡ ಸಂಖ್ಯೆ. ನಾನೂ ಹಾಗೆಂದೇ ನಂಬಿ ಮುಂದಕ್ಕೆ ಹೋಗಿದ್ದೆ. ದಿನಕ್ಕೆ 1440 ನಿಮಿಷ. ನಿಮಿಷಕ್ಕೊಮ್ಮೆ ಸೆಕ್ಟರನ್ನು ಅಳಿಸಿ ಹೊಸ ಲೆಕ್ಕ ಬರೆದರೆ ಆ ಲಕ್ಷ 69 ದಿನಗಳಲ್ಲಿ ಖರ್ಚಾಗುತ್ತದೆ. ಕರೆಂಟ್ ಇಲ್ಲದ ಗಂಟೆಗಳನ್ನು ಕಳೆದು, ಭರವಸೆಗಿಂತ ಚಿಪ್ಪು ತುಸು ಹೆಚ್ಚೇ ಬಾಳುತ್ತದೆಂದು ಸೇರಿಸಿದರೆ ಸರಿಯಾಗಿ ನಾಲ್ಕನೆಯ ತಿಂಗಳಿಗೆ ಬಂದು ನಿಲ್ಲುತ್ತೇವೆ. ಮೂರೇ ಸಾಲಿನ ಈ ಗುಣಾಕಾರ ಭಾಗಾಕಾರವನ್ನು ವಿನ್ಯಾಸದ ದಿನವೇ ಮಾಡಬೇಕಿತ್ತು. ಅದಕ್ಕಿಂತ ಬೇಸರದ ಸಂಗತಿಯೆಂದರೆ, ನನ್ನ ಒಂದು ದಾಖಲೆಯ ಗಾತ್ರ 16 ಬೈಟು ಮಾತ್ರ. 16 ಬೈಟು ಬದಲಿಸಲು 4096 ಬೈಟುಗಳನ್ನು ಅಳಿಸುತ್ತಿದ್ದೆ, ಅಂದರೆ ಮಾಡಬೇಕಾದ ಕೆಲಸದ 256 ಪಟ್ಟು.

ಈಗ ಅದೇ ಸೆಕ್ಟರಿನಲ್ಲಿ ಹಳೆಯ ದಾಖಲೆಯನ್ನು ಮುಟ್ಟದೆ, ಹೊಸದನ್ನು ಅದರ ಮುಂದಿನ ಖಾಲಿ ಜಾಗದಲ್ಲಿ ಬರೆಯುತ್ತ ಹೋದೆವೆಂದುಕೊಳ್ಳೋಣ. ಮೊದಲ 16 ಬೈಟುಗಳನ್ನು ಸೆಕ್ಟರಿನ ಸ್ವಂತ ವಿವರ ಹೇಳುವ ತಲೆಬರಹಕ್ಕೆ ಬಿಟ್ಟರೆ 255 ದಾಖಲೆಗಳಿಗೆ ಜಾಗ ಉಳಿಯುತ್ತದೆ. ಎರಡೇ ಎರಡು ಸೆಕ್ಟರುಗಳನ್ನು ಸರದಿಯ ಮೇಲೆ ಬಳಸಿದರೂ ಪ್ರತಿಯೊಂದೂ 510 ನಿಮಿಷಗಳಿಗೊಮ್ಮೆ ಅಳಿಸಲ್ಪಡುತ್ತದೆ, ಮತ್ತು ಅದೇ ಒಂದು ಲಕ್ಷ 97 ವರ್ಷಗಳಿಗೆ ಸಾಲುತ್ತದೆ. ಚಿಪ್ಪು ಬದಲಾಗಲಿಲ್ಲ, ಬರೆಯುವ ವೇಗ ಬದಲಾಗಲಿಲ್ಲ, 69 ದಿನಗಳು 97 ವರ್ಷಗಳಾದವು. ಈ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಮಾಡಿದಾಗ ನಂಬಲಾಗದೆ ಇನ್ನೊಮ್ಮೆ ಮಾಡಿದ್ದೆ.

ಬರೆದದ್ದನ್ನು ತಿದ್ದದೆ ಮುಂದಕ್ಕೆ ಬರೆಯುವ ಈ ಪದ್ಧತಿಯನ್ನು ನಾನು ಬಾಲ್ಯದಿಂದಲೇ ಕಂಡಿದ್ದೆ. ನಮ್ಮ ತಂದೆಯವರದು ದಿನಸಿ ಅಂಗಡಿ. ಕಿರ್ದಿ ಪುಸ್ತಕದಲ್ಲಿ ಒಂದು ಮೊತ್ತ ತಪ್ಪಾಗಿ ಬಿದ್ದರೆ ಅವರು ಅದನ್ನು ಹೊಡೆದುಹಾಕುತ್ತಿರಲಿಲ್ಲ. ಆ ದಿನದ ಕೊನೆಯ ಸಾಲಿನ ಕೆಳಗೆ ತಿದ್ದುಪಡಿಯ ಇನ್ನೊಂದು ಸಾಲು ಬರೆಯುತ್ತಿದ್ದರು. ದೀಪಾವಳಿಗೆ ಹೊಸ ಪುಸ್ತಕ ತೆರೆದಾಗ ಹಳೆಯದರ ಸಾವಿರಾರು ಸಾಲುಗಳಲ್ಲಿ ಇನ್ನೂ ಜೀವವಿರುವ ಬಾಕಿಗಳನ್ನು ಮಾತ್ರ ಆಯ್ದು ಆರಂಭದ ಶಿಲ್ಕಿನ ಜೊತೆಗೆ ಮೊದಲ ಪುಟಕ್ಕೆ ಎತ್ತಿ ಬರೆಯುತ್ತಿದ್ದರು. ಫ್ಲ್ಯಾಶ್ ಮೇಲೆ ಫೈಲುಗಳನ್ನು ಜೋಡಿಸಿಡುವ ತಂತ್ರಾಂಶಗಳಾದ ಫೈಲ್ ಸಿಸ್ಟಮ್‌ಗಳು ಮಾಡುವುದು ಇಷ್ಟನ್ನೇ. ಹೊಸ ಮಾಹಿತಿ ಖಾಲಿ ಜಾಗಕ್ಕೆ ಹೋಗುತ್ತದೆ, ಹಳೆಯ ಸಾಲು ರದ್ದಾದದ್ದೆಂದು ಪರಿಗಣಿಸಲ್ಪಡುತ್ತದೆ, ಖಾಲಿ ಜಾಗ ಕಡಿಮೆಯಾದಾಗ ಒಂದು ಬ್ಲಾಕಿನಲ್ಲಿ (ಒಟ್ಟಿಗೆ ಅಳಿಯುವ ಭಾಗಕ್ಕೆ ಅಲ್ಲಿ ಈ ಹೆಸರು) ಇನ್ನೂ ಜೀವವಿರುವ ಭಾಗಗಳನ್ನು ಬೇರೆಡೆಗೆ ಎತ್ತಿ ಬರೆದು ಆ ಬ್ಲಾಕನ್ನು ಅಳಿಸಲಾಗುತ್ತದೆ. ಈ ಕೊನೆಯ ಕೆಲಸಕ್ಕೆ ಗಾರ್ಬೇಜ್ ಕಲೆಕ್ಷನ್ ಎಂಬ ಹೆಸರಿದೆ. ನನ್ನ ಉಪಕರಣದಲ್ಲಿ ಓಟದ ಲೆಕ್ಕಕ್ಕೆ ಇದು ಬೇಕಾಗಲಿಲ್ಲ, ಏಕೆಂದರೆ ಪ್ರತಿ ದಾಖಲೆಯಲ್ಲೂ ಅಂದಿನವರೆಗಿನ ಒಟ್ಟು ಇದ್ದೇ ಇರುತ್ತದೆ. ಮೋಟರಿನ ಅಶ್ವಶಕ್ತಿ, ಎಚ್ಚರಿಕೆಯ ಸಂದೇಶ ಹೋಗಬೇಕಾದ ಫೋನ್ ನಂಬರ್ ಮುಂತಾದ ಸೆಟ್ಟಿಂಗುಗಳಿಗೆ ಮಾತ್ರ ಬೇಕಾಯಿತು.

ಆದರೆ ಸವೆತಕ್ಕಿಂತ ಹೆಚ್ಚು ದಿನ ನನ್ನನ್ನು ಕಾಡಿದ್ದು ಕರೆಂಟ್. ಹಳ್ಳಿಯ ಪಂಪ್‌ಸೆಟ್ಟಿಗೆ ತ್ರೀ ಫೇಸ್ ದಿನದ ಕೆಲವೇ ಗಂಟೆ ಸಿಗುತ್ತದೆ, ಆ ಗಂಟೆಗಳಲ್ಲೂ ಹೋಗಿ ಬರುವುದುಂಟು. ಹಾಗಾಗಿ ದಾಖಲೆ ಬರೆಯುತ್ತಿರುವ ಕ್ಷಣದಲ್ಲೇ ವಿದ್ಯುತ್ ಕಡಿದುಹೋಗುವುದನ್ನು ಅಪರೂಪದ ಘಟನೆಯೆಂದು ಬದಿಗಿಡುವಂತಿಲ್ಲ. ಅರ್ಧ ಬರೆದ ದಾಖಲೆಯನ್ನು ಗುರುತಿಸುವುದು ಸುಲಭ. ದಾಖಲೆಯ ಕೊನೆಯಲ್ಲಿ ಉಳಿದ ಬೈಟುಗಳಿಂದ ಲೆಕ್ಕಹಾಕಿದ ಎರಡು ಬೈಟಿನ ತಾಳೆಸಂಖ್ಯೆ ಇರುತ್ತದೆ, ಅದು ಹೊಂದದಿದ್ದರೆ ಆ ದಾಖಲೆಯನ್ನು ಬಿಟ್ಟು ಹಿಂದಿನದನ್ನು ತೆಗೆದುಕೊಂಡರಾಯಿತು. ಹೆಚ್ಚೆಂದರೆ ಒಂದು ನಿಮಿಷದ ಲೆಕ್ಕ ಹೋಗುತ್ತದೆ. ಸೆಟ್ಟಿಂಗುಗಳಿಗೆ ಇನ್ನೊಂದು ಉಪಾಯ ಒದಗಿತು. ಬಿಟ್ಟುಗಳನ್ನು 1ರಿಂದ 0ಗೆ ಮಾತ್ರ ಇಳಿಸಬಹುದೆಂಬ ನಿರ್ಬಂಧವೇ ಇಲ್ಲಿ ಸಹಾಯಕ್ಕೆ ಬರುತ್ತದೆ: ಸ್ಥಿತಿಯ ಬೈಟು 11111111 ಇದ್ದರೆ ಜಾಗ ಖಾಲಿ, 11111110 ಆದರೆ ಬರವಣಿಗೆ ನಡೆಯುತ್ತಿದೆ, 11111100 ಆದರೆ ದಾಖಲೆ ಸಿಂಧು, 11111000 ಆದರೆ ರದ್ದು. ನಾಲ್ಕು ಹಂತಗಳನ್ನೂ ಒಮ್ಮೆಯೂ ಅಳಿಸದೆ ದಾಟಬಹುದು. ಫ್ಲ್ಯಾಶಿನ ಇನ್ನೊಂದು ಬಗೆಯಾದ ನ್ಯಾಂಡ್ ಚಿಪ್ಪುಗಳಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಒಮ್ಮೆ ಬರೆದ ಪುಟದ ದೋಷ ತಿದ್ದುವ ಸಂಕೇತವನ್ನೂ ಜೊತೆಗೇ ಬರೆದಿರುವುದರಿಂದ ಆಮೇಲೆ ಒಂದು ಬಿಟ್ಟು ಬದಲಾದರೂ ಸಂಕೇತ ತಾಳೆಯಾಗುವುದಿಲ್ಲ.

ಅಳಿಸುವ ನಡುವೆ ಕರೆಂಟ್ ಹೋದಾಗ ಏನಾಗುತ್ತದೆ ಎಂಬುದು ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. ಇದನ್ನು ನೋಡಲೆಂದೇ ಮೇಜಿನ ಮೇಲೆ ಒಂದು ರಿಲೇ ಕಟ್ಟಿ, ಅಳಿಸಲು ಆಜ್ಞೆ ಕೊಟ್ಟ 5, 10, 15 ಮಿಲಿಸೆಕೆಂಡಿಗೆ ವಿದ್ಯುತ್ ಕಡಿಯುವಂತೆ ಮಾಡಿ ರಾತ್ರಿಯಿಡೀ ಓಡಲು ಬಿಟ್ಟೆ. ಬೆಳಗ್ಗೆ ಬಂದು ನೋಡಿದರೆ, ಬೇಗ ಕಡಿದ ಸೆಕ್ಟರುಗಳಲ್ಲಿ ಹಳೆಯ ಮಾಹಿತಿಯ ಚಿಂದಿಗಳಿದ್ದವು, ಅದು ನಿರೀಕ್ಷಿತ. ತುಸು ತಡವಾಗಿ ಕಡಿದ ಒಂದು ಸೆಕ್ಟರ್ ಪೂರ್ತಿ 1 ಎಂದೇ ಓದಿತು, ಅಳಿಸಿಯಾದ ಹೊಸ ಸೆಕ್ಟರಿನಂತೆಯೇ ಕಂಡಿತು. ಅದನ್ನೇ ಮತ್ತೆ ಮತ್ತೆ ಓದುತ್ತ ಹೋದಾಗ ನಾಲ್ಕಾರು ಬಿಟ್ಟುಗಳು ಒಮ್ಮೆ 1 ಎಂದೂ ಒಮ್ಮೆ 0 ಎಂದೂ ಬಂದವು. ಎಲೆಕ್ಟ್ರಾನುಗಳು ಪೂರ್ತಿ ಹೊರಬರದೆ ಗಡಿಯಲ್ಲೇ ನಿಂತಿದ್ದವು. ಇಂಥ ಸೆಕ್ಟರನ್ನು ಖಾಲಿಯೆಂದು ನಂಬಿ ಬರೆದರೆ ಇಂದು ಸರಿ ಕಂಡದ್ದು ನಾಳೆ ತಪ್ಪಾಗಬಹುದು. ಆದ್ದರಿಂದ ಸೆಕ್ಟರ್ ಖಾಲಿ ಕಾಣುವುದನ್ನೇ ಸಾಕ್ಷಿಯೆಂದು ಒಪ್ಪಬಾರದು. ಅಳಿಸುವ ಕೆಲಸ ಪೂರ್ತಿಯಾದ ಮೇಲೆ ತಲೆಬರಹದಲ್ಲಿ ಒಂದು ಗುರುತು ಬರೆಯಬೇಕು, ಆ ಗುರುತಿಲ್ಲದ ಸೆಕ್ಟರ್ ಎಷ್ಟೇ ಶುಭ್ರವಾಗಿ ಕಂಡರೂ ಮತ್ತೆ ಅಳಿಸಬೇಕು. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಜೆಎಫ್‌ಎಫ್‌ಎಸ್2 ಫೈಲ್ ಸಿಸ್ಟಮ್ ಕ್ಲೀನ್‌ಮಾರ್ಕರ್ ಎಂಬ ಹೆಸರಿನಲ್ಲಿ ಇದನ್ನೇ ಮಾಡುತ್ತದೆ. ಅದರ ವಿವರಣೆಯಲ್ಲಿ ಆ ಭಾಗವನ್ನು ಹಿಂದೆಯೇ ಓದಿದ್ದೆನಾದರೂ ಅದರ ಅಗತ್ಯ ಮನದಟ್ಟಾದದ್ದು ಆ ಬೆಳಗ್ಗೆ.

ಜೆಎಫ್‌ಎಫ್‌ಎಸ್ ಮೊದಲು ಬಂದದ್ದು 1999ರಲ್ಲಿ, ಸ್ವೀಡನ್ನಿನ ಆಕ್ಸಿಸ್ ಕಮ್ಯುನಿಕೇಷನ್ಸ್ ಕಂಪನಿಯಿಂದ. ರೆಡ್ ಹ್ಯಾಟ್‌ನಲ್ಲಿದ್ದ ಡೇವಿಡ್ ವುಡ್‌ಹೌಸ್ ಅವರು 2001ರಲ್ಲಿ ಅದನ್ನು ಹೊಸದಾಗಿ ಬರೆದು ಜೆಎಫ್‌ಎಫ್‌ಎಸ್2 ಮಾಡಿದರು. ಅದರಲ್ಲಿ ನನಗೆ ಬಹಳ ಹಿಡಿಸಿದ ಒಂದು ನಿರ್ಧಾರವಿದೆ. ರದ್ದಾದ ಸಾಲುಗಳಿರುವ ಬ್ಲಾಕುಗಳನ್ನು ಮಾತ್ರ ಅಳಿಸುತ್ತ ಹೋದರೆ, ಎಂದೂ ಬದಲಾಗದ ಫೈಲುಗಳು ಕೂತಿರುವ ಬ್ಲಾಕುಗಳು ಹೊಸದರಂತೆಯೇ ಉಳಿದು ಸವೆತವೆಲ್ಲ ಉಳಿದವುಗಳ ಮೇಲೆ ಬೀಳುತ್ತದೆ. ಆದ್ದರಿಂದ ಸುಮಾರು ನೂರು ಸಲಕ್ಕೊಮ್ಮೆ ಅದು ಏನೂ ರದ್ದಾಗಿರದ ಬ್ಲಾಕನ್ನೇ ಬೇಕೆಂದು ಆರಿಸಿ, ಅದರಲ್ಲಿರುವುದನ್ನು ಬೇರೆಡೆಗೆ ಸಾಗಿಸಿ, ಆ ಬ್ಲಾಕನ್ನೂ ಸರದಿಗೆ ತರುತ್ತದೆ. ನಿಖರವಾದ ಎಣಿಕೆಯಿಲ್ಲದೆ ಆಕಸ್ಮಿಕ ಆಯ್ಕೆಯಿಂದಲೇ ಕೆಲಸ ಸಾಗಿಸುವ ಈ ಕ್ರಮ ಸಣ್ಣ ಚಿಪ್ಪುಗಳಿಗೆ ಸಾಕಾಗಿತ್ತು. ಆದರೆ ಫೈಲ್ ಸಿಸ್ಟಮ್ ತೆರೆಯುವಾಗ ಚಿಪ್ಪನ್ನೆಲ್ಲ ಓದಿ ಬರಬೇಕಾಗಿದ್ದರಿಂದ ದೊಡ್ಡ ನ್ಯಾಂಡ್ ಚಿಪ್ಪುಗಳಲ್ಲಿ ಅದು ತೀರ ನಿಧಾನವಾಯಿತು. 2007ರಲ್ಲಿ ಲಿನಕ್ಸಿಗೆ ಸೇರಿದ ಯುಬಿಐ ಎಂಬ ಪದರ ಪ್ರತಿ ಬ್ಲಾಕಿನ ತಲೆಬರಹದಲ್ಲೇ ಅದನ್ನು ಎಷ್ಟು ಸಲ ಅಳಿಸಲಾಗಿದೆ ಎಂಬ ಎಣಿಕೆ ಇಟ್ಟು, ಹೆಚ್ಚು ಸವೆದದ್ದಕ್ಕೂ ಕಡಿಮೆ ಸವೆದದ್ದಕ್ಕೂ ಅಂತರ ಮಿತಿ ಮೀರಿದಾಗ ಮಾಹಿತಿಯನ್ನು ಅದಲುಬದಲು ಮಾಡುತ್ತದೆ. ಕಾರ್ಖಾನೆಯಿಂದಲೇ ಕೆಟ್ಟು ಬರುವ ಬ್ಲಾಕುಗಳನ್ನು ದೂರವಿಡುವ ಹೊಣೆಯೂ ಅದರದೇ. ಅದರ ಮೇಲೆ ಕೂರುವ ಯುಬಿಐಎಫ್‌ಎಸ್ ಅನ್ನು ನೋಕಿಯಾದ ಎಂಜಿನಿಯರುಗಳು ಹಂಗೇರಿಯ ಸೆಗೆಡ್ ವಿಶ್ವವಿದ್ಯಾಲಯದೊಂದಿಗೆ ಸೇರಿ ಕಟ್ಟಿದರು, ಅದು 2008ರಲ್ಲಿ ಲಿನಕ್ಸಿಗೆ ಸೇರಿತು.

ಸವೆತವನ್ನು ಸಮವಾಗಿ ಹಂಚುವುದು ಬೇರೆ, ಕಡಿಮೆ ಮಾಡುವುದು ಬೇರೆ. ಈ ವ್ಯತ್ಯಾಸಕ್ಕೆ 2021ರಲ್ಲಿ ಟೆಸ್ಲಾ ಕಂಪನಿ ಅಮೆರಿಕದಲ್ಲಿ ಸುಮಾರು 1,35,000 ಕಾರುಗಳನ್ನು ವಾಪಸು ಕರೆಸಿಕೊಂಡ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಕಾರುಗಳ ನಡುವಿನ ಪರದೆಯ ಹಿಂದಿದ್ದ 8 ಗಿಗಾಬೈಟಿನ ಇಎಂಎಂಸಿ ಚಿಪ್ಪು (ನ್ಯಾಂಡ್ ಫ್ಲ್ಯಾಶ್ ಮತ್ತು ಅದನ್ನು ನಿರ್ವಹಿಸುವ ಕಂಟ್ರೋಲರ್ ಒಂದೇ ಪೊಟ್ಟಣದಲ್ಲಿರುವಂಥದ್ದು) ಸವೆದು, ಪರದೆಯ ಜೊತೆಗೆ ಹಿಂಬದಿ ಕ್ಯಾಮೆರಾದ ಚಿತ್ರವೂ ಗಾಜಿನ ಮಂಜು ತೆಗೆಯುವ ನಿಯಂತ್ರಣವೂ ಹೋಗುತ್ತಿದ್ದವು. ಇಎಂಎಂಸಿಯೊಳಗೆ ಸವೆತವನ್ನು ಹಂಚುವ ಕಂಟ್ರೋಲರ್ ಇದ್ದೇ ಇರುತ್ತದೆ. ಆದರೆ ಆ ನ್ಯಾಂಡ್ ಬ್ಲಾಕುಗಳ ಬಾಳಿಕೆ ಬರೆದು ಅಳಿಸುವ 3000 ಸುತ್ತು, ಮತ್ತು ಅಲ್ಲಿನ ಸುರಕ್ಷತಾ ಇಲಾಖೆಯ ಲೆಕ್ಕದಂತೆ ಪ್ರತಿ ಬ್ಲಾಕಿಗೆ ದಿನಕ್ಕೆ 1.4 ಸುತ್ತು ಖರ್ಚಾಗುತ್ತಿತ್ತು. ಭಾಗಿಸಿ ನೋಡಿದರೆ ಆರು ವರ್ಷವೂ ತುಂಬುವುದಿಲ್ಲ. ಎಲ್ಲ ಬ್ಲಾಕುಗಳೂ ಸಮನಾಗಿ ಸವೆದರೆ ಎಲ್ಲವೂ ಸರಿಸುಮಾರು ಒಂದೇ ಹೊತ್ತಿಗೆ ತೀರುತ್ತವೆ. ಯಾವ ಫೈಲ್ ಸಿಸ್ಟಮ್ ಹಾಕಿದರೂ ದಿನಕ್ಕೆ ಎಷ್ಟು ಬೈಟು ಬರೆಯುತ್ತಿದ್ದೇವೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಆಮೇಲೆ ನಾನೂ ನನ್ನ ಫರ್ಮ್‌ವೇರಿನಿಂದ, ಯಾರೂ ಓದದ ಲಾಗುಗಳನ್ನು ಫ್ಲ್ಯಾಶಿಗೆ ಬರೆಯುವ ಸಾಲುಗಳನ್ನೆಲ್ಲ ಕಿತ್ತುಹಾಕಿದೆ.

ರಿಪೇರಿಗೆ ಕೈ ಸಿಗದ ಕಡೆ ಈ ವಿಷಯ ಎಷ್ಟು ತೂಕದ್ದೆಂಬುದನ್ನು ಮಂಗಳ ಗ್ರಹದ ಎರಡು ರೋವರುಗಳು ತೋರಿಸಿವೆ. ಸ್ಪಿರಿಟ್ 2004ರ ಜನವರಿಯಲ್ಲಿ ಇಳಿದು ಮೂರು ವಾರವೂ ಕಳೆದಿರಲಿಲ್ಲ, ಮತ್ತೆ ಮತ್ತೆ ರೀಬೂಟ್ ಆಗತೊಡಗಿತು. ಅಲ್ಲಿ ಸವೆತ ಕಾರಣವಾಗಿರಲಿಲ್ಲ. 256 ಮೆಗಾಬೈಟಿನ ಫ್ಲ್ಯಾಶಿನಲ್ಲಿ ಪ್ರಯಾಣದುದ್ದಕ್ಕೂ ಕೂಡುತ್ತ ಬಂದ ಫೈಲುಗಳ ಪಟ್ಟಿಯನ್ನು ಬೂಟ್ ಆಗುವಾಗ ತಾತ್ಕಾಲಿಕ ಮೆಮೊರಿಯಾದ ರ್‍ಯಾಮಿಗೆ ತಂದುಕೊಳ್ಳಲು ಜಾಗ ಸಾಲುತ್ತಿರಲಿಲ್ಲ. ಫ್ಲ್ಯಾಶನ್ನು ಮುಟ್ಟದೆ ಬೂಟ್ ಆಗುವಂತೆ ಆಜ್ಞೆ ಕಳುಹಿಸಿ, ಆಮೇಲೆ ಫ್ಲ್ಯಾಶನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿ ಎಂಜಿನಿಯರುಗಳು ಅದನ್ನು ಉಳಿಸಿಕೊಂಡರು. ತೊಂಬತ್ತು ಮಂಗಳ ದಿನಗಳಿಗೆಂದು ಹೋದ ಆಪರ್ಚುನಿಟಿ ಮಾತ್ರ ಹತ್ತು ವರ್ಷ ದಾಟಿದ ಮೇಲೆ, 2014ರಲ್ಲಿ, ನಿಜವಾದ ಸವೆತದ ಲಕ್ಷಣಗಳನ್ನು ತೋರಿತು. ಏಳು ಫ್ಲ್ಯಾಶ್ ಬ್ಯಾಂಕುಗಳಲ್ಲಿ ಏಳನೆಯದನ್ನು ಬಿಟ್ಟು ಆರನ್ನೇ ಬಳಸುವಂತೆ ತಂತ್ರಾಂಶವನ್ನು ಬದಲಿಸಿದರು. ತೊಂದರೆ ನಿಲ್ಲದಿದ್ದಾಗ ಫ್ಲ್ಯಾಶನ್ನೇ ಬಿಟ್ಟು, ದಿನದ ಮಾಹಿತಿಯನ್ನು ರ್‍ಯಾಮಿನಲ್ಲಿಟ್ಟುಕೊಂಡು ರೋವರ್ ನಿದ್ರೆಗೆ ಹೋಗುವ ಮುಂಚೆಯೇ ಕಳುಹಿಸುವಂತೆ ಕೆಲಸ ಸಾಗಿಸಿದರು. ಹಾಗೆಯೇ ಅದು 2018ರ ಜೂನ್‌ನ ಧೂಳಿನ ಬಿರುಗಾಳಿಯವರೆಗೆ ದುಡಿಯಿತು. ಸವೆದ ಭಾಗವನ್ನು ಬಿಟ್ಟು ಬದುಕುವ ದಾರಿಯನ್ನು ಅಷ್ಟು ದೂರದಿಂದ ಕಟ್ಟಿದ ಆ ತಂಡದ ತಾಳ್ಮೆಯನ್ನು ನಾನು ಆಗಾಗ ನೆನೆಯುತ್ತೇನೆ.

ನನ್ನ ಉಪಕರಣದ ಈಗಿನ ವಿನ್ಯಾಸದಲ್ಲಿ ಎರಡರ ಬದಲು 16 ಸೆಕ್ಟರುಗಳ ಉಂಗುರವಿದೆ, ಏಕೆಂದರೆ ಹಿಂದಿನ ಎರಡು ಮೂರು ದಿನಗಳ ವಿವರವೂ ಕೈಗೆ ಸಿಗಬೇಕೆಂದು ರೈತರು ಕೇಳಿದ್ದರು. ತಲೆಬರಹದಲ್ಲಿ ಗುರುತಿನ ಜೊತೆಗೆ ಆ ಸೆಕ್ಟರನ್ನು ಎಷ್ಟು ಸಲ ಅಳಿಸಲಾಗಿದೆ ಎಂಬ ಎಣಿಕೆಯೂ ಇರುತ್ತದೆ. ಅಳಿಸುವ ಹೊತ್ತಿನಲ್ಲಿ ಕರೆಂಟ್ ಹೋಗಿ ಆ ಎಣಿಕೆ ಕಳೆದುಹೋದರೆ ಹಿಂದಿನ ಸೆಕ್ಟರಿನ ಎಣಿಕೆಯನ್ನೇ ತೆಗೆದುಕೊಳ್ಳುತ್ತೇನೆ. ಉಂಗುರದಲ್ಲಿ ಪಕ್ಕದವರ ಸವೆತ ಒಂದೇ ಆಗಿರುತ್ತದೆ. ಕಳೆದ ತಿಂಗಳು ಶಿರಾ ಬಳಿಯ ಅದೇ ತೋಟಕ್ಕೆ ಹೋಗಿದ್ದಾಗ, ಹೊಸ ಫರ್ಮ್‌ವೇರ್ ಹಾಕಿ ಮೂರು ವರ್ಷವಾದ ಉಪಕರಣಕ್ಕೆ ಲ್ಯಾಪ್‌ಟಾಪ್ ಜೋಡಿಸಿ ಹದಿನಾರೂ ತಲೆಬರಹಗಳನ್ನು ಓದಿದೆ. ಮೊದಲ ಐದು ಸೆಕ್ಟರುಗಳಲ್ಲಿ 318 ಎಂದಿತ್ತು, ಉಳಿದ ಹನ್ನೊಂದರಲ್ಲಿ 317.